ಅಂಗಡಿಯಲ್ಲಿ ಸರಿ, ಮನೆಯಲ್ಲಿ ಅಳುಮೋರೆ

ನಾನು ತಂದ ಸಾಮಾನು ಕೆಡುವುದಿಲ್ಲ. ಇದು ಜಂಬವಲ್ಲ, ಯಶವಂತಪುರದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಇಪ್ಪತ್ತಾರು ವರ್ಷ ಸಾಮಾನು ಕಾದವನ ಅನುಭವದ ಮಾತು. ಅನುಮಾನವಿದ್ದರೆ ಅಟ್ಟೂರಿನ ನಮ್ಮ ಮನೆಗೆ ಬಂದು ನೋಡಿ. ಟೀವಿ ರಿಮೋಟು ಒಂಬತ್ತು ವರ್ಷದಿಂದ ಪ್ಲಾಸ್ಟಿಕ್ ಕವರಿನೊಳಗೇ ಇದೆ. ಸೋಫಾದ ಮೇಲಿನ ಹಾಳೆಯನ್ನು ಇನ್ನೂ ತೆಗೆದಿಲ್ಲ. ನೆಂಟರು ಕೂತರೆ ಪರಪರ ಸದ್ದಾಗುತ್ತದೆ, ಬೇಸಿಗೆಯಲ್ಲಿ ಏಳುವಾಗ ಸ್ವಲ್ಪ ಅಂಟಿಕೊಳ್ಳುತ್ತಾರೆ. ಆದರೆ ಸೋಫಾ ಹೊಸದು!

ಹಾಗಾಗಿ ನನ್ನ ಹೆಂಡತಿ ಮಂಜುಶ್ರೀಗೆ ಲ್ಯಾಪ್‌ಟಾಪ್ ತಂದ ಭಾನುವಾರವೇ, ಮಗಳ ಶಾಲೆಯ ಪುಸ್ತಕಗಳಿಗೆ ಪ್ರತಿ ಜೂನ್‌ನಲ್ಲಿ ಹಾಕುತ್ತಿದ್ದಂತೆ, ಅದಕ್ಕೂ ಬೈಂಡ್ ಹಾಕಿದೆ. ದಪ್ಪನೆಯ ಪಾರದರ್ಶಕ ಹಾಳೆ, ಮುಚ್ಚಳಕ್ಕೊಂದು, ತಳಕ್ಕೊಂದು. ಅಂಚಿನ ಸುತ್ತ ಟೇಪು. ಮೂಲೆಗಳಲ್ಲಿ ನಾಜೂಕಾದ ಮಡಿಕೆ. ಮೇಲೊಂದು ಲೇಬಲ್: ಹೆಸರು ಮಂಜುಶ್ರೀ ಎಸ್., ತರಗತಿ ಎಂ.ಎ. ಅಂತಿಮ ವರ್ಷ.

ಹೌದು, ಎಂ.ಎ. ಮದುವೆಗೋಸ್ಕರ ಬಿಟ್ಟ ಓದನ್ನು ನಲವತ್ತೇಳನೇ ವಯಸ್ಸಿನಲ್ಲಿ ದೂರಶಿಕ್ಷಣದಲ್ಲಿ ಮುಗಿಸಲು ಹೊರಟಿದ್ದಳು. ನಮ್ಮ ಪಕ್ಕದೂರು ಸಿಂಗಾಪುರ, ಅಟ್ಟೂರು ಸುತ್ತಿನ ಕೆರೆಗಳ ಬಗ್ಗೆ ಹಳಬರನ್ನೆಲ್ಲ ಮಾತಾಡಿಸಿ ಎರಡು ನೋಟ್‌ಬುಕ್ ತುಂಬ ಬರೆದಿದ್ದಳು. ಅದನ್ನು ಟೈಪ್ ಮಾಡಿ ಶನಿವಾರ ಸಂಜೆ ನಾಲ್ಕರೊಳಗೆ ಕಳಿಸಬೇಕಿತ್ತು. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು.

ಸೋಮವಾರ ಬೆಳಿಗ್ಗೆ ಟೈಪ್ ಮಾಡಲು ಕೂತು ಇಪ್ಪತ್ತು ನಿಮಿಷವಾಗಿತ್ತು. ಪರದೆ ನೀಲಿಯಾಯಿತು, ಅದರ ಮೇಲೊಂದು ಅಳುಮೋರೆ ಬಂತು, ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು.

"ರೀ, ಅಂಗಡೀಲಿ ತೋರಿಸ್ಕೊಂಡು ಬರೋಣ."

"ಅಂಗಡಿ ಯಾಕೆ? ನಾನಿಲ್ವಾ?"

ಆ ಟೇಪನ್ನು ಆಗಲೇ ನನ್ನ ಬಾಯಿಗೂ ಅಂಟಿಸಿಕೊಂಡಿದ್ದರೆ ವಾರ ಸುಖವಾಗಿ ಕಳೆಯುತ್ತಿತ್ತು. ರಜೆ ಹಾಕಿ ಕೂತೆ. ಆಫ್ ಮಾಡಿ ಆನ್ ಮಾಡಿದೆ. ವೀಡಿಯೊ ನೋಡಿ ನೋಡಿ ಅಪ್‌ಡೇಟ್ ಹಾಕಿದೆ, ವೈರಸ್ ಹುಡುಕಿದೆ, ಹೆಸರೇ ಅರ್ಥವಾಗದ ಏನೇನನ್ನೋ ಅಳಿಸಿದೆ. ಪ್ರತಿ ಇಪ್ಪತ್ತು ನಿಮಿಷಕ್ಕೆ ಅದೇ ಅಳುಮೋರೆ. ಸಂಜೆ ಹೊತ್ತಿಗೆ ನನ್ನ ಮುಖವೂ ಅದಕ್ಕೆ ಹೊಂದಿಕೊಂಡಿತ್ತು.

ಮಂಗಳವಾರ ಸೋತು ಹತ್ತಿರದ ನ್ಯೂ ಟೌನ್ ಬಡಾವಣೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ವಾಜಿದ್ ಅಂಗಡಿಗೆ ಹೊರಟೆ. ರಿಪೇರಿಯವರ ಕೈಗೆ ಬೈಂಡ್ ಸಿಕ್ಕರೆ ಬ್ಲೇಡಿನಲ್ಲಿ ಸೀಳಿ ಬಿಸಾಡುತ್ತಾರೆ. ಅದಕ್ಕೇ ಜೋಪಾನವಾಗಿ ಬಿಚ್ಚಿ ಬೀರುವಿನಲ್ಲಿಟ್ಟು ಹೋದೆ. ವಾಜಿದ್ ಮೂರು ಗಂಟೆ ಓಡಿಸಿ ನೋಡಿದ. ಲ್ಯಾಪ್‌ಟಾಪ್ ಕೆಮ್ಮಲಿಲ್ಲ, ಸೀನಲಿಲ್ಲ.

"ಏನೂ ಇಲ್ಲ ಸಾರ್, ಮಸ್ತಾಗಿದೆ."

ಮನೆಗೆ ಬಂದು ಬೈಂಡ್ ಮತ್ತೆ ಹಾಕಿ, ಹೊಸ ಟೇಪು ಒತ್ತಿ, ಹೆಂಡತಿಯ ಮುಂದಿಟ್ಟೆ. ಇಪ್ಪತ್ತನೇ ನಿಮಿಷಕ್ಕೆ ಅಳುಮೋರೆ.

ಅಂಗಡಿಯಲ್ಲಿ ಸರಿ, ಮನೆಯಲ್ಲಿ ಕೆಡುತ್ತದೆ ಎಂದರೆ ದೋಷ ಮನೆಯದು. ಈ ಮಹಾ ಸಂಶೋಧನೆಯನ್ನು ಬುಧವಾರ ಬೆಳಿಗ್ಗೆ ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಮುನಿರಾಜು ಮುಂದೆ ಮಂಡಿಸಿದೆ. ಅವನು ಮೀಟರ್ ಬೋರ್ಡಿನ ಮುಂದೆ ತಲೆ ಕೆರೆದುಕೊಂಡ.

"ಅರ್ತಿಂಗ್ ಸರಿ ಇಲ್ದಿದ್ರೆ ಇಂಗೆ ಆಗ್ತದೆ ಅಣ್ಣ. ಗುಂಡಿ ತೋಡಿ ಉಪ್ಪು, ಇದ್ದಿಲು ಆಕ್ಬೇಕು."

ತೋಡಿಸಿದೆ. ಅಂಗಳದಲ್ಲಿ ಆಳೆತ್ತರದ ಗುಂಡಿ ಬಿತ್ತು, ಮಂಜುಶ್ರೀಯ ಕನಕಾಂಬರದ ಗಿಡಗಳು ಮಣ್ಣಿನಡಿ ಹೋದವು. ಎರಡು ಮೂಟೆ ಉಪ್ಪು ಸುರಿದೆವು. ಅಗೆದ ಧೂಳು ಯಂತ್ರದೊಳಗೆ ಹೋಗಬಾರದೆಂದು ಮೊದಲ ಬೈಂಡಿನ ಮೇಲೆ ಇನ್ನೊಂದು ಬೈಂಡ್ ಹಾಕಿದೆ. ಈಗ ಅಳುಮೋರೆ ಹತ್ತೇ ನಿಮಿಷಕ್ಕೆ ಬರತೊಡಗಿತು.

ಗುರುವಾರ ಮಧ್ಯಾಹ್ನ ಫೈಲೇ ಕೆಟ್ಟು, ಅಷ್ಟಿಷ್ಟಾಗಿ ಟೈಪ್ ಮಾಡಿಟ್ಟಿದ್ದ ಹನ್ನೊಂದು ಪುಟ ಒಟ್ಟಿಗೆ ಹೋದವು. ಮಂಜುಶ್ರೀ ಬೈಯಲಿಲ್ಲ. ನೋಟ್‌ಬುಕ್ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು.

"ಬಿಡ್ರೀ. ನಂಗೆ ಓದು ಅಂತ ಹಣೇಲಿ ಬರ್ದಿಲ್ಲ ಅನ್ಸುತ್ತೆ. ಆಗ್ಲೂ ಅರ್ಧಕ್ಕೇ ನಿಂತಿತ್ತು."

ಆಗ ಅರ್ಧಕ್ಕೆ ನಿಲ್ಲಿಸಿದ್ದೂ ನನ್ನ ಮನೆಯೇ. ಮುಂದಿನ ವರ್ಷ ಓದು ಎಂದು ಇಪ್ಪತ್ತೈದು ವರ್ಷ ಹೇಳಿದವನು ನಾನು. ತಕ್ಷಣ ವಾಜಿದ್‌ಗೆ ಫೋನ್ ಮಾಡಿದೆ.

"ಅಂಗಡಿಗೆ ತರ್ಬೇಡಿ ಸಾರ್. ಎಲ್ಲಿ ಹೇಗಿದ್ಯೋ ಹಾಗೇ ಇರ್ಲಿ, ನಾನೇ ಬರ್ತೀನಿ."

ಬಂದವನು ಗುಂಡಿ ದಾಟಿ ಒಳಗೆ ಬಂದು ಲ್ಯಾಪ್‌ಟಾಪನ್ನು ಎತ್ತಿದ, ಎತ್ತಿದ ವೇಗದಲ್ಲೇ ಕೆಳಗಿಟ್ಟು, ಸುಟ್ಟ ಬೆರಳಿಗೆ ಉಫ್ ಎಂದು ಊದಿಕೊಂಡ.

"ಸಾರ್, ಇದೇನು ಸುತ್ತಿದೀರ?"

"ಬೈಂಡ್," ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಮೊನ್ನೆ ಇರ್ಲಿಲ್ವಲ್ಲ?"

"ಹಾಳಾಗ್ಬಾರ್ದು ಅಂತ ಬಿಚ್ಚಿಟ್ಟು ಬಂದಿದ್ದೆ."

"ವಾಪಸ್ ಬಂದು?"

"ಮತ್ತೆ ಹಾಕ್ದೆ. ನಿನ್ನೆ ಇನ್ನೊಂದು…"

ವಾಜಿದ್ ಪಾಪ, ನಗು ತಡೆಯಲು ಮೇಲಿನ ಫ್ಯಾನ್ ನೋಡುತ್ತಿದ್ದ. "ಮೇಡಮ್, ಬಿಸಿ ಗಾಳಿ ಹೋಗೋ ತೂತೆಲ್ಲ ತಳದಲ್ಲಿರುತ್ತೆ. ಸಾರ್ ಒಂದೂ ಬಿಡ್ದೆ ಮುಚ್ಚಿದಾರೆ. ಇದಕ್ಕೆ ಉಸಿರು ಕಟ್ಟಿತ್ತು, ಅಷ್ಟೇ."

ಮಂಜುಶ್ರೀ ಬೈಂಡನ್ನು ನೋಡಿದಳು, ಕಿಟಕಿಯಾಚೆಯ ಗುಂಡಿಯನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಆಮೇಲೆ ಎದ್ದು ಕತ್ತರಿ ತಂದಳು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವಳು ಕತ್ತರಿಸಿದ್ದು ಬೈಂಡನ್ನು. ಅಲ್ಲಿಗೇ ನಿಲ್ಲಿಸದೆ ರಿಮೋಟಿನ ಕವರು, ಸೋಫಾದ ಹಾಳೆ ಎಲ್ಲವನ್ನೂ ಹರಿದು ರಾಶಿ ಹಾಕಿದಳು.

ಎರಡು ದಿನ ನಾನು ಅಡುಗೆ ಮಾಡಿದೆ, ಗುಂಡಿ ಮುಚ್ಚಿಸಿದೆ, ಕನಕಾಂಬರದ ಸಸಿ ತಂದು ನೆಟ್ಟೆ. ಲ್ಯಾಪ್‌ಟಾಪ್ ಇದ್ದ ಕೋಣೆಗೆ ನನಗೆ ಪ್ರವೇಶವಿರಲಿಲ್ಲ. ಶನಿವಾರ ಮೂರೂವರೆಗೆ ಪ್ರಬಂಧ ಹೋಯಿತು. ಮಂಜುಶ್ರೀ ಹೊರಗೆ ಬಂದು, ಹೊಸದಾಗಿ ಬಯಲಾದ ಸೋಫಾದ ಮೇಲೆ ಸದ್ದಿಲ್ಲದೆ ಕೂತು ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ.

"ಮೊದಲ್ನೇ ಪುಟದಲ್ಲಿ ನಿಮ್ಮ ಹೆಸ್ರಿದೆ, ನೋಡಿ. ಮುಟ್ಟಬೇಡಿ, ದೂರದಿಂದಲೇ ಓದಿ."

ಲ್ಯಾಪ್‌ಟಾಪ್ ಮುಂದೆ ಕೈಕಟ್ಟಿ ನಿಂತು ಓದಿದೆ. ಕೃತಜ್ಞತೆಗಳು. ಕೆರೆಯ ನೆನಪು ಹೇಳಿದ ಮುನಿಯಲ್ಲಮ್ಮನವರಿಗೆ, ಮನೆಗೇ ಬಂದ ವಾಜಿದ್‌ಗೆ, ಹಾಗೂ "ಗುರುವಾರ ಸಂಜೆಯಿಂದ ಶನಿವಾರ ಮಧ್ಯಾಹ್ನದವರೆಗೆ ನನ್ನ ಲ್ಯಾಪ್‌ಟಾಪನ್ನು ಮುಟ್ಟದೆ ಈ ಅಧ್ಯಯನಕ್ಕೆ ಅಪಾರ ಕೊಡುಗೆ ನೀಡಿದ ನನ್ನ ಪತಿ ಶ್ರೀ ಸುಬ್ರಮಣಿಯವರಿಗೆ."