ಕಂಬದ ಹಿಂದಿನ ಕಡೆಯ ಪಂಕ್ತಿ

ನಮ್ಮ ಹೈದರಾಬಾದಿನ ಕನ್ನಡದವರ ಮದುವೆ, ಮುಂಜಿವೆಗಳಲ್ಲಿ ಊಟದ ಪಂಕ್ತಿಯ ಉಸ್ತುವಾರಿ ಯಾವಾಗಲೂ ನನ್ನದೇ. ಪಟಾನ್‌ಚೆರುವಿನ ಔಷಧ ಕಾರ್ಖಾನೆಯ ಗೋದಾಮಿನಲ್ಲಿ ವರ್ಷಗಟ್ಟಲೆ ಡಬ್ಬಿಗಳನ್ನು ಸಾಲಾಗಿ ಜೋಡಿಸಿದವನಿಗೆ ಮನುಷ್ಯರನ್ನು ಜೋಡಿಸುವುದು ಯಾವ ಮಹಾ ಕೆಲಸ? ಮೊದಲು ಬಂದವರಿಗೆ ಮೊದಲ ಪಂಕ್ತಿ, ಮನೆಯ ಮಂದಿಗೆ ಕಡೆಯ ಪಂಕ್ತಿ. ಈ ಎರಡು ಸೂತ್ರಗಳಿಂದ ಜಗತ್ತಿನ ಯಾವ ಗದ್ದಲವನ್ನಾದರೂ ಅಡಗಿಸಬಹುದು ಎಂದು ನಂಬಿದ್ದೆ. ಕಳೆದ ಸೋಮವಾರ ಬೆಳಿಗ್ಗೆ ಎಂಟು ಗಂಟೆಯವರೆಗೂ ನಂಬಿದ್ದೆ.

ಅಂದು ನಾನು ಕೆಲಸಕ್ಕೆ ಹೊರಟು ನಿಂತಾಗ, ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಗಿರಿಜಾ ಕೈ ನಿಲ್ಲಿಸಿ, "ಎದಿ ಬಿಗಿದಂಗ ಆಗಾಕತ್ತೈತ್ರಿ" ಎಂದಳು. ಹಣೆಯ ತುಂಬ ಬೆವರು. ತಲೆನೋವಿಗೂ ಮಾತ್ರೆ ನುಂಗದ ಹೆಂಗಸು ಅವಳು. ಪಕ್ಕದ ಮನೆಯ ಸುವರ್ಣಕ್ಕನನ್ನೂ ಆಟೋದಲ್ಲಿ ಹತ್ತಿಸಿಕೊಂಡು, ಹಿಮಾಯತ್‌ನಗರ ದಾಟಿ ಒಂದು ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದೆವು.

ಅಲ್ಲಿ ಕೋಠಿಯ ಬಸ್‌ಸ್ಟಾಪಿನಷ್ಟು ಜನ. ಬಾಗಿಲಲ್ಲಿದ್ದ ನರ್ಸ್ ಗಿರಿಜಾಳ ನಾಡಿ ನೋಡಿ, ಮಣಿಕಟ್ಟಿಗೆ ಹಳದಿ ಪಟ್ಟಿ ಕಟ್ಟಿ, ಬಾಗಿಲಿಗೆ ಹತ್ತಿದ ಮೊದಲ ಕುರ್ಚಿಯಲ್ಲಿ ಕೂರಿಸಿದರು. ಉಳಿದವರ ಕೈಯಲ್ಲಿ ಬಹುಮಟ್ಟಿಗೆ ಹಸಿರು ಪಟ್ಟಿಗಳಿದ್ದವು. ಐದು ನಿಮಿಷದಲ್ಲಿ ಇಸಿಜಿಗೆ ಒಯ್ಯುತ್ತೇವೆ, ಇಲ್ಲಿಂದ ಅಲುಗಾಡಬೇಡಿ ಎಂದು ಹೇಳಿ ಅವರು ಒಳಗೆ ಹೋದರು.

ಆ ಐದು ನಿಮಿಷ ನಾನು ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೆ ಹೆದರಿದವನ ಕೈಗೆ ಏನಾದರೊಂದು ಕೆಲಸ ಬೇಕು. ಸುತ್ತ ಜನ ನಾ ಮೊದಲು, ತಾ ಮೊದಲು ಎಂದು ಗೊಣಗುತ್ತಿದ್ದರು. ಇಲ್ಲಿಗೆ ನನ್ನಂಥ ಅನುಭವಿಯೊಬ್ಬ ಬೇಕು ಎಂದು ನನಗನ್ನಿಸಿತು. ಯಾರೂ ಕೇಳಲಿಲ್ಲ. ನಾನು ಒಪ್ಪಿಕೊಂಡೆ!

ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ಒಬ್ಬೊಬ್ಬರು ಎಷ್ಟು ಹೊತ್ತಿಗೆ ಬಂದರೆಂದು ವಿಚಾರಿಸಿ, ಬಂದ ಕ್ರಮದಲ್ಲಿ ಕುರ್ಚಿ ಬದಲಿಸತೊಡಗಿದೆ. ಕೊರಳಲ್ಲಿ ಕಾರ್ಖಾನೆಯ ಗುರುತಿನ ಚೀಟಿ ನೇತಾಡುತ್ತಿತ್ತು. ಜನ ನನ್ನನ್ನು ಆಸ್ಪತ್ರೆಯವನೆಂದೇ ತಿಳಿದರು. ನಾನೂ ಬಿಡಿಸಿ ಹೇಳಲು ಹೋಗಲಿಲ್ಲ.

ಇನ್ನು ಗಿರಿಜಾ. ನಾವು ಬಂದದ್ದು ಎಲ್ಲರಿಗಿಂತ ಕಡೆಗೆ. ಮೇಲಾಗಿ ಅವಳು ವ್ಯವಸ್ಥಾಪಕನ ಹೆಂಡತಿ. ಮೊದಲ ಕುರ್ಚಿಯಲ್ಲಿ ಅವಳೇ ಕೂತರೆ ನಾಲ್ಕು ಮಂದಿ ಏನಂದಾರು? ಸುವರ್ಣಕ್ಕ ಬೇಡವೆಂದರೂ ಕೇಳದೆ, ಅವಳನ್ನು ಎಬ್ಬಿಸಿ ಕಂಬದ ಹಿಂದಿದ್ದ ಕಡೆಯ ಕುರ್ಚಿಗೆ ಒಯ್ದು ಕೂರಿಸಿದೆ. ಗಿರಿಜಾ ಹೇಳಿದಲ್ಲಿ ಕೂತಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ವಾದಿಸದೆ ನನ್ನ ಮಾತು ಕೇಳಿದ್ದು ಅದೇ ಮೊದಲು. ಅದರಿಂದಲಾದರೂ ನನಗೆ ಗಾಬರಿಯಾಗಬೇಕಿತ್ತು.

ಮೊದಲ ಕುರ್ಚಿ, ಎಲ್ಲರಿಗಿಂತ ಮುಂಚೆ ಬಂದಿದ್ದ ಮಿರ್ಚಿ ಬಜ್ಜಿ ಅಂಗಡಿಯವನಿಗೆ ಸಿಕ್ಕಿತು. ಅವನು ಬೆರಳು ಕೊಯ್ದುಕೊಂಡಿದ್ದ. ಅಷ್ಟರಲ್ಲಿ ಆಯಾ ಒಬ್ಬಳು ಗಾಲಿಕುರ್ಚಿ ತಂದು, ನರ್ಸ್ ಹೇಳಿಕಳಿಸಿದ ಪ್ರಕಾರ ಮೊದಲ ಕುರ್ಚಿಯ ರೋಗಿಯನ್ನು ಕೂರಿಸಿಕೊಂಡು ಒಳಗೆ ಹೋದಳು. ದೊಡ್ಡ ಆಸ್ಪತ್ರೆಯಲ್ಲಿ ಬೆರಳನ್ನು ಹೀಗೇ ನೋಡುತ್ತಾರೇನೋ ಎಂದು ಪಾಪ, ಅಂಗಿ ಬಿಚ್ಚಿಸಿದಾಗಲೂ ಅವನು ಸುಮ್ಮನಿದ್ದನಂತೆ. ಎದೆಗೆ ವೈರು ಅಂಟಿಸಿದ ಮೇಲೆ, "ಉಂಗ್ಲಿ ಕಟೀ ಹೈ ಅಮ್ಮಾ, ದಿಲ್ ಠೀಕ್ ಹೈ" ಎಂದದ್ದು ಹೊರಗೆ ನಮಗೂ ಕೇಳಿಸಿತು.

ನರ್ಸ್ ಹೊರಗೆ ಓಡಿಬಂದು ಗಿರಿಜಾಳ ಹೆಸರು ಕೂಗಿದರು. ಆಗ ನನ್ನ ಜೀವನದ ಅತ್ಯಂತ ಪ್ರಾಮಾಣಿಕವೂ ಅತ್ಯಂತ ಮೂರ್ಖವೂ ಆದ ಮಾತು ಬಾಯಿಂದ ಹೊರಟಿತು. ಅವಳು ನಮ್ಮ ಮನೆಯವಳೇ, ಮೊದಲು ಇವರೆಲ್ಲರದು ಆಗಲಿ ಎಂದು ತೆಲುಗಿನಲ್ಲಿ ಹೇಳಿದೆ.

ಇಲ್ಲಿ ಮೊದಲು ಬಂದವರು ಮೊದಲಲ್ಲ, ಜೀವಕ್ಕೆ ಅಪಾಯ ಇರುವವರು ಮೊದಲು, ಹಸಿರು ಪಟ್ಟಿಯವರು ಕಾಯಬಹುದು ಎಂದರು ನರ್ಸ್. ಜೋರು ಮಾಡಲಿಲ್ಲ. ಬೆಳಗಿನಿಂದ ನನ್ನಂಥವರನ್ನು ನೋಡಿ ನೋಡಿ ಅವರಿಗೆ ಸಿಟ್ಟು ಮಾಡಲೂ ತ್ರಾಣ ಉಳಿದಿರಲಿಲ್ಲ.

ಕಂಬದ ಹಿಂದೆ ಓಡಿದೆ. ಗಿರಿಜಾ ಸುವರ್ಣಕ್ಕನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದ್ದಳು. ಅವಳನ್ನು ಒಳಗೆ ಒಯ್ದರು. ರೋಗಿಯ ಜೊತೆ ಒಬ್ಬರಿಗೆ ಮಾತ್ರ ಪ್ರವೇಶ. ಸೆಕ್ಯುರಿಟಿಯವನು ಸುವರ್ಣಕ್ಕನನ್ನು ಒಳಗೆ ಬಿಟ್ಟು, ನನ್ನ ರಟ್ಟೆ ಹಿಡಿದು ಗೇಟಿನ ಆಚೆ ನಿಲ್ಲಿಸಿದ. ಒಳಗಿನ ಗದ್ದಲ ಒಬ್ಬನಷ್ಟು ಕಡಿಮೆಯಾಯಿತು. ಆ ಆಸ್ಪತ್ರೆಗೆ ನಾನು ಮಾಡಿದ ಸುಧಾರಣೆ ಅಷ್ಟೇ!

ಬಿಸಿಲಲ್ಲಿ ನಿಂತೇ ಇದ್ದೆ. ಅವಳಿಗೇನಾದರೂ ಆದರೆ ಕೊಂದವನು ನಾನೇ ಎಂಬ ಮಾತು ಬಿಟ್ಟು ಬೇರೇನೂ ತಲೆಗೆ ಬರಲಿಲ್ಲ. ಚಹಾದ ಬಂಡಿಯವನು ಕೊಟ್ಟ ಚಹಾ ಕೈಯಲ್ಲೇ ಆರಿತು.

ಮಧ್ಯಾಹ್ನ ಸುವರ್ಣಕ್ಕ ಹೊರಗೆ ಬಂದರು. "ಎದಿ ಗಟ್ಟಿ ಐತಂತ. ಎರಡು ಸಲ ರಕ್ತ ನೋಡ್ಯಾರ. ಹೊಟ್ಟ್ಯಾಗಿನ ಪಿತ್ತದ ಉರಿಯಂತ, ಸಂಜಿಗೆ ಬಿಡ್ತಾರ" ಎಂದರು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ.

ಸಂಜೆ ಮನೆಗೆ ಬಂದ ಮೇಲೆ ಸುವರ್ಣಕ್ಕ ದೊಡ್ಡ ಪಾತ್ರೆಯ ತುಂಬ ಜೋಳದ ನುಚ್ಚು, ಮಜ್ಜಿಗೆ ತಂದರು. ಗಿರಿಜಾ ಉಂಡಳು. ಅವಳನ್ನು ಮಾತನಾಡಿಸಲು ಬಂದಿದ್ದ ಕೆಳಗಿನ ಮನೆಯವರನ್ನೂ ಉಣ್ಣಲು ಕೂರಿಸಿದಳು. ಬೆಳಗಿನಿಂದ ಉಪವಾಸವಿದ್ದ ನಾನೂ ತಟ್ಟೆ ಹಿಡಿದು ಕೂರಲು ಹೋದಾಗ ಮಂಚದಿಂದ ಅವಳ ದನಿ ಕೇಳಿಸಿತು.

"ನೀವು ಏಳ್ರಿ. ಮನಿ ಮಂದಿ ಕಡೀ ಪಂಕ್ತಿ."

ಎದ್ದೆ. ಅವಳು ನಗುತ್ತಿದ್ದಳು. ಆ ನಗುವಿಗಾಗಿ ಇನ್ನೆರಡು ಹೊತ್ತು ಉಪವಾಸ ಇರು ಎಂದಿದ್ದರೂ ಇರುತ್ತಿದ್ದೆ. ಎಲ್ಲರದೂ ಆದ ಮೇಲೆ ಪಾತ್ರೆಯ ತಳದಲ್ಲಿ ಒಂದು ಸವಟು ನುಚ್ಚು ಉಳಿದಿತ್ತು. ಗೋಡೆಗೆ ಒರಗಿ ಕೂತು ಉಂಡೆ. ಹಸಿರು ಪಟ್ಟಿಯವನಿಗೆ ಅದೇ ಹೆಚ್ಚು.