ಗೋಡೆ ಮೇಲಿಟ್ಟ ಪೈಪು

ಸಿದ್ದರಾಜು ಆ ಪೈಪನ್ನು ಕಾಂಪೌಂಡ್ ಗೋಡೆಯ ಮೇಲೆ ಇಡಬಾರದಾಗಿತ್ತು. ಕಾರಿನ ಸೀಟಿನ ಮೇಲೆ ಜಾಗ ಇತ್ತು. ಟೂಲ್ ಬಾಕ್ಸಿನಲ್ಲಿ ಜಾಗ ಇತ್ತು. ಕಡೆಗೆ ಹಾವಾಡಿಗನ ಹಾಗೆ ಕುತ್ತಿಗೆಗೆ ಸುತ್ತಿಕೊಂಡಿದ್ದರೂ ಆಗುತ್ತಿತ್ತು. ಆದರೆ ಟೀ ಕುಡಿಯುವ ಆತುರದಲ್ಲಿ ಗೋಡೆಯ ಮೇಲಿಟ್ಟು ಹೋದ. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಗೋಡೆ ಇದೆ, ಪೈಪು ಇಲ್ಲ.

ಅವತ್ತು ಹೋಗುವುದು ಪೈಪೊಂದೇ ಆಗಿರಲಿಲ್ಲ.

ಕತ್ರಿಗುಪ್ಪೆಯ ಆ ಅಡ್ಡರಸ್ತೆಯಲ್ಲಿ ಮೀನಾಕ್ಷಮ್ಮನ ಮನೆ. ಕೆಳಗೆ ಆಕೆ ಇರುತ್ತಾಳೆ, ಪಕ್ಕದ ಶೆಡ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಸಿದ್ದರಾಜುವಿನ ಗ್ಯಾರೇಜು. ಮೇಲಿನ ಮನೆ ಮಾತ್ರ ಆರು ತಿಂಗಳಿಂದ ಖಾಲಿ. ನೋಡಲು ಬಂದವರೆಲ್ಲ ಗೇಟಿನಲ್ಲೇ ಗ್ರೀಸಿನ ವಾಸನೆ ಹಿಡಿದು ಮೂಗು ಮುಚ್ಚಿಕೊಂಡು ವಾಪಸ್ ಹೋಗುತ್ತಿದ್ದರು. ಅವತ್ತು ಬೆಳಿಗ್ಗೆ ಮೀನಾಕ್ಷಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು ಹೇಳಿದ್ದಳು:

"ನೋಡಪ್ಪಾ ಸಿದ್ದರಾಜು, ಸಾಯಂಕಾಲ ಐದು ಗಂಟೆಗೆ ಮನೆ ನೋಡೋಕೆ ಪಾರ್ಟಿ ಬರ್ತಾರೆ. ಅಷ್ಟೊತ್ತಿಗೆ ಗೇಟ್ ಮುಂದೆ ಈ ನೀಲಿ ಕಪ್ಪೆ ಕೂತಿರ್‍ಬಾರ್ದು. ಈ ಪಾರ್ಟಿನೂ ಓಡಿಹೋದ್ರೆ ನೀನು ಶೆಡ್ ಖಾಲಿ ಮಾಡು. ಅಷ್ಟೇ."

ನೀಲಿ ಕಪ್ಪೆ ಎಂದರೆ ಯುವರಾಜ ಎಂಬ ಗಿರಾಕಿ ಹುಡುಗನ ಸ್ಪೋರ್ಟ್ಸ್ ಕಾರು. ನೆಲಕ್ಕೆ ಅಂಟಿಕೊಂಡ ಗಾಡಿ. ಅದರ ಎಂಜಿನ್ನನ್ನು ಆ ಪುಣ್ಯಾತ್ಮ ಎಷ್ಟು ಸಲ ಮಾಡಿಫೈ ಮಾಡಿಸಿದ್ದನೆಂದರೆ, ನಾಲ್ಕು ಕಿಲೋಮೀಟರ್ ಓಡಿಸಿದರೆ ಒಳಗಿನ ಎಣ್ಣೆ ಬೋಂಡಾ ಕರಿಯುವಷ್ಟು ಕಾಯುತ್ತಿತ್ತು. ಅದಕ್ಕೇ ಎರಡು ದೊಡ್ಡ ಆಯಿಲ್ ಕೂಲರ್, ಸ್ಟೀಲ್ ತಂತಿಯ ಜಡೆ ಹೆಣೆದ ನಾಲ್ಕು ಹೊಸ ಪೈಪು ತರಿಸಿದ್ದ. ಬಿಸಿ ಎಣ್ಣೆ ಪೈಪಿನಲ್ಲಿ ಕೂಲರಿಗೆ ಹೋಗಬೇಕು, ಗಾಳಿಗೆ ತಣ್ಣಗಾಗಿ ವಾಪಸ್ ಬರಬೇಕು. ಮೂರು ಪೈಪು ಕೂತಿದ್ದವು. ನಾಲ್ಕನೆಯದು ಇಲ್ಲದೆ ಎಂಜಿನ್ ಸ್ಟಾರ್ಟ್ ಮಾಡುವ ಹಾಗಿಲ್ಲ. ತಳ್ಳೋಣವೆಂದರೆ ಕಾರು ಮೂತಿ ಬಿಚ್ಚಿಕೊಂಡು ಗೇಟಿಗೆ ಅಡ್ಡಲಾಗಿ ಜಾಕಿನ ಮೇಲೆ ಕೂತಿದೆ.

ಗಂಟೆ ಮೂರು.

ಎದುರು ಮನೆಯ ಯಲ್ಲಯ್ಯ ಸ್ಟೂಲು ತಂದು ಹಾಕಿಕೊಂಡು ಕೂತಿದ್ದ. ರಿಟೈರ್ಡ್ ಬಸ್ ಡ್ರೈವರ್. ಬೆಂಗಳೂರಿನಲ್ಲಿ ಗಾಡಿ ಓಡಿಸಲು ಲೈಸೆನ್ಸ್ ಬೇಕು, ಸಲಹೆ ಕೊಡಲು ಬೇಡವಲ್ಲ.

"ಯಲ್ಲಯ್ಯನೋರೆ, ಇಲ್ಲೊಂದು ಪೈಪ್ ಇಟ್ಟಿದ್ದೆ, ನೋಡಿದ್ರಾ?"

"ಪೈಪ್ ನೋಡ್ಲಿಲ್ಲಪ್ಪ. ಆದ್ರೂ ಒಂದ್ ಮಾತು. ಮೂವತ್ತು ವರ್ಷ ಬಸ್ ಓಡಿಸ್ದೆ. ಎಣ್ಣೆ ತಣ್ಣಗ್ ಮಾಡೋಕೆ ಅಂತ ಯಾರೂ ಮಿಷನ್ ಇಟ್ಟಿರ್‍ಲಿಲ್ಲ. ಬಿಸಿ ಆದ್ರೆ ನಿಲ್ಲಿಸಿ ಕಾಫಿ ಕುಡೀತಿದ್ವಿ."

"ಯಾರಾದ್ರೂ ತಗೊಂಡ್ ಹೋಗಿದ್ ನೋಡಿದ್ರಾ ಅಂದೆ!"

"ಗುಜರಿಯವನು ಹೋದ ಕಣಪ್ಪ ಈಗ್ತಾನೆ."

ಸಿದ್ದರಾಜು ಎಣ್ಣೆಗೈಯಲ್ಲೇ ಓಡಿದ. ಹೊಸಕೆರೆಹಳ್ಳಿ ರಸ್ತೆಯವರೆಗೆ ಓಡಿ ಗುಜರಿಯವನನ್ನು ಹಿಡಿದು, ಗಾಡಿಯನ್ನೆಲ್ಲ ರಸ್ತೆಗೆ ಸುರಿಸಿ, ಬೈಸಿಕೊಂಡು, ಸುರಿದದ್ದನ್ನೆಲ್ಲ ಮತ್ತೆ ತಾನೇ ತುಂಬಿಕೊಟ್ಟು ಬಂದ. ಪೈಪು ಇರಲಿಲ್ಲ. ಗಂಟೆ ಮೂರೂ ಮುಕ್ಕಾಲು.

ಗೇಟಿಗೆ ಬರುವಾಗ ಮೇಲಿನಿಂದ ಮೀನಾಕ್ಷಮ್ಮನ ದನಿ ಕೇಳಿತು. "ಇವಾಗ ನೋಡು ಬಸವಂತ, ಗೀಸರ್ ಎಷ್ಟ್ ಚೆನ್ನಾಗಿ ಕಾಣ್ತಿದೆ! ಹೊಳೀತಿದೆ ಪೈಪು!"

ಹೊಳೆಯುವ ಪೈಪು! ಸಿದ್ದರಾಜು ಮೂರು ಮೂರು ಮೆಟ್ಟಿಲು ಹಾರಿ ಮೇಲೆ ಹೋದ. ಬಚ್ಚಲಿನಲ್ಲಿ ಪ್ಲಂಬರ್ ಬಸವಂತ ಹೆಮ್ಮೆಯಿಂದ ಕೈ ಒರೆಸಿಕೊಳ್ಳುತ್ತಿದ್ದ. ಗೋಡೆಯಿಂದ ಗೀಸರಿಗೆ ಯುವರಾಜನ ಕಾರಿನ ನಾಲ್ಕನೇ ಪೈಪು, ಮದುವೆ ಗಂಡಿನ ಕೈಗಡಗದ ಹಾಗೆ ಥಳಥಳ ಹೊಳೆಯುತ್ತಿತ್ತು.

"ಲೋ! ಅದು ಕಾರಿನ ಆಯಿಲ್ ಪೈಪು ಕಣೋ!"

"ನಂಗೇನ್ ಗೊತ್ತಣ್ಣ? ನಾನು ಪೈಪ್ ತರೋಕೆ ಅಂಗಡಿಗೆ ಹೊರಟಿದ್ದೆ. ಅಮ್ಮಾವ್ರೇ ತಂದ್ಕೊಟ್ರು. ಥ್ರೆಡ್ ಕೂರ್‍ಲಿಲ್ಲ, ಎರಡ್ ಕಡೆ ಬುಷ್ ಹಾಕಿ, ಒಂದ್ ರೋಲ್ ಟೇಪ್ ಸುತ್ತಿ ಕೂರಿಸ್ದೆ. ಏನ್ ಕ್ವಾಲಿಟಿ ಅಣ್ಣ!"

"ನನ್ ಕಾಂಪೌಂಡ್ ಮೇಲಿತ್ತು, ಈ ಬಸವಂತಂದೇ ಅಂದ್ಕೊಂಡೆ," ಎಂದಳು ಮೀನಾಕ್ಷಮ್ಮ. ಮರುಕ್ಷಣ ಕೆನ್ನೆ ಮುಟ್ಟಿ ನೋಡಿಕೊಂಡಳು. "ಅಯ್ಯೋ ಶಿವನೇ! ಎಣ್ಣೆ ಪೈಪಿನ ನೀರಲ್ಲಿ ಮುಖ ತೊಳ್ಕೊಂಡ್ನಲ್ಲೋ!"

ಸಿದ್ದರಾಜು ಬಸವಂತನ ಸ್ಪ್ಯಾನರ್ ಕಸಿದು ಹಾಕಿ ತಿರುಗಿಸಿಯೇಬಿಟ್ಟ. "ಅಣ್ಣ, ಲೈನ್ ಬಂದ್ ಮಾಡಿಲ್ಲ!" ಎಂದು ಬಸವಂತ ಕೂಗಿದ್ದು ತಡವಾಯಿತು. ತುಂಬಿದ ಟ್ಯಾಂಕಿನ ನೀರು ಮೂವರ ಮುಖಕ್ಕೂ ಸಮನಾಗಿ ಹೊಡೆಯಿತು. ಬಸವಂತ ವಾಲ್ವ್ ಮುಚ್ಚಲು ಟೆರೇಸಿಗೆ ಓಡಿದ. ತುಕ್ಕು ಹಿಡಿದ ವಾಲ್ವಿನ ಹಿಡಿ ಅವನ ಕೈಗೇ ಬಂತು. ನೀರು ಬಚ್ಚಲು ದಾಟಿ, ನಡುಮನೆ ದಾಟಿ, ಮೆಟ್ಟಿಲಿಳಿಯತೊಡಗಿತು.

ಸಿದ್ದರಾಜು ಪೈಪು ಕಿತ್ತುಕೊಂಡು ಕೆಳಗೋಡಿದ. ಪುಣ್ಯಕ್ಕೆ ಥ್ರೆಡ್ ಕೆಟ್ಟಿರಲಿಲ್ಲ. ಆದರೆ ಒಳಗೆಲ್ಲ ನೀರು. ಎಣ್ಣೆಗೆ ನೀರು ಬೆರೆತರೆ ಎಂಜಿನ್ ಕತೆ ಮುಗಿದಂತೆ. ಪಕ್ಕದ ಮನೆಯಲ್ಲಿ ಸುಧಾಮಣಿಯ ಬ್ಯೂಟಿ ಪಾರ್ಲರ್ ಇತ್ತು.

"ಅಕ್ಕ, ನಿಮ್ ಹೇರ್ ಡ್ರೈಯರ್ ಕೊಡಿ, ಹತ್ತೇ ನಿಮಿಷ!"

"ನಿಮ್ ತಲೇಲಿ ಒಣಗಿಸೋಕೆ ಕೂದ್ಲೆಲ್ಲಿದೆ ಸಿದ್ದರಾಜು?"

"ಅಕ್ಕಾ, ಹೊಟ್ಟೆಪಾಡು!"

ಸುಧಾಮಣಿ ಡ್ರೈಯರ್ ಕೊಟ್ಟಳು. ಅದರ ಹಿಂದೆಯೇ ತಲೆ ತೊಳೆಸಿಕೊಂಡು ಕೂತಿದ್ದ ಗಿರಾಕಿಯೂ ಎದ್ದು ಬಂದಳು. "ನಂದು ಅರ್ಧ ಆಗಿತ್ತು ಕಣ್ರೀ! ಇದೆಂಥ ಅನ್ಯಾಯ?" ಎಂದು ಕೂದಲಿನಿಂದ ನೀರು ತೊಟ್ಟಿಕ್ಕಿಸುತ್ತ ಕಾರಿನ ಪಕ್ಕದಲ್ಲೇ ನಿಂತಳು. ಪೈಪಿಗೆ ಎರಡು ನಿಮಿಷ, ಆಕೆಯ ತಲೆಗೆ ಎರಡು ನಿಮಿಷ ಎಂದು ಯಲ್ಲಯ್ಯ ತೀರ್ಪು ಕೊಟ್ಟು, ತಾನೇ ವಾಚು ಹಿಡಿದು ಕೂತ.

ಅಂತೂ ಪೈಪು ಒಣಗಿತು. ಸಿದ್ದರಾಜು ಬಿಗಿದ, ಎಣ್ಣೆ ಸುರಿದ, ಮೂತಿ ಕೂರಿಸಿದ, ಜಾಕು ಇಳಿಸಿದ. ಐದಕ್ಕೆ ಎರಡು ನಿಮಿಷ ಇತ್ತು. ಸೀಟಿಗೆ ಹಾರಿ ಸ್ಟಾರ್ಟ್ ಮಾಡಿದ.

ಪಾರ್ಟಿ ಎರಡು ನಿಮಿಷ ಮೊದಲೇ ಬಂದುಬಿಟ್ಟಿತ್ತು. ಗಂಡ ಹೆಂಡತಿ ಸರಿಯಾಗಿ ಸೈಲೆನ್ಸರಿನ ಹಿಂದೆ ನಿಂತಿದ್ದರು. ಕಾರು ಎಂಟು ಸಿಂಹ ಒಟ್ಟಿಗೆ ಕೆಮ್ಮಿದ ಹಾಗೆ ಗರ್ಜಿಸಿತು. ಹೆಂಡತಿ ಹಾರಿ ಗಂಡನನ್ನು ತಬ್ಬಿಕೊಂಡಳು. ಗಂಡ ಕಣ್ಣು ಬಿಟ್ಟು ನೋಡಿದ: ಮೆಟ್ಟಿಲ ಮೇಲೆ ಹೊಳೆ ಹರಿಯುತ್ತಿದೆ, ಕೂದಲು ಬಿಟ್ಟುಕೊಂಡ ಹೆಂಗಸೊಬ್ಬಳು ಬೈಯುತ್ತಿದ್ದಾಳೆ, ಮೇಲಿನಿಂದ ಒದ್ದೆ ಮೀನಾಕ್ಷಮ್ಮ "ಬನ್ನಿ, ಬನ್ನಿ" ಎಂದು ಕರೆಯುತ್ತಿದ್ದಾಳೆ. ಇಬ್ಬರೂ ಬಂದ ಆಟೋದಲ್ಲೇ ವಾಪಸ್ ಹತ್ತಿದರು.

ಮೀನಾಕ್ಷಮ್ಮ ಕೆಳಗೆ ಬಂದಳು. ಕೂಗಾಡಲಿಲ್ಲ. ಅದೇ ಭಯಂಕರವಾಗಿತ್ತು.

"ಖಾಲಿ ಮಾಡಪ್ಪಾ."

"ಅಮ್ಮಾ, ಹದಿನಾಲ್ಕು ವರ್ಷ..."

"ಖಾಲಿ ಮಾಡು."

ಅಷ್ಟರಲ್ಲಿ ಕಾರು ತಗೊಂಡು ಹೋಗಲು ಯುವರಾಜ ಬಂದ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕೂಲರುಗಳನ್ನು ಬಗ್ಗಿ ನೋಡಿ, ಆಮೇಲೆ ಇವರ ಮುಖ ನೋಡಿದ. ಜಗಳ ಏನೆಂದು ಯಲ್ಲಯ್ಯ ಪೂರ್ತಿ ವರದಿ ಒಪ್ಪಿಸಿದ.

"ಆಂಟಿ, ಮನೆ ಖಾಲಿ ಇದ್ಯಾ?" ಯುವರಾಜನ ಕಣ್ಣರಳಿತು. "ನಾನು ಬರ್ತೀನಿ ಆಂಟಿ! ಬಿಟಿಎಂ ಲೇಔಟ್‌ನಲ್ಲಿ ಇರೋಕಾಗ್ತಿಲ್ಲ. ಮನೆ ಕೆಳಗೇ ಮೆಕ್ಯಾನಿಕ್ ಅಂದ್ರೆ ಇನ್ನೇನ್ ಬೇಕು? ಸಖತ್!"

ಸಿದ್ದರಾಜುವಿನ ಕಣ್ಣಲ್ಲಿ ನೀರು ಬಂತು. ಆ ಹುಡುಗನ ಕಾಲು ಹಿಡಿಯೋಣವೆನ್ನಿಸಿತು. ಮೀನಾಕ್ಷಮ್ಮ ಯುವರಾಜನನ್ನು ಅಳಿಯನ ಹಾಗೆ ಕರೆದುಕೊಂಡು, ಮೆಟ್ಟಿಲ ಮೇಲಿನ ನೀರು ದಾಟಿಸಿ ಮೇಲೆ ಹೋದಳು. ಸಿದ್ದರಾಜು ಹದಿನಾಲ್ಕು ವರ್ಷದ ತನ್ನ ಶೆಡ್ಡಿನ ಬಾಗಿಲಿಗೆ ಒರಗಿ ಕೂತ. ಯಲ್ಲಯ್ಯನೇ ಟೀ ತರಿಸಿಕೊಟ್ಟ.

ಅರ್ಧ ಗಂಟೆಗೆ ಇಬ್ಬರೂ ನಗುನಗುತ್ತ ಇಳಿದು ಬಂದರು. ಮೀನಾಕ್ಷಮ್ಮ ಸಕ್ಕರೆ ಬಟ್ಟಲು ಹಿಡಿದಿದ್ದಳು.

"ಬಾಯಿ ಸಿಹಿ ಮಾಡ್ಕೋ ಸಿದ್ದರಾಜು. ಎಲ್ಲಾ ನಿನ್ನಿಂದಾನೇ. ಮನೆ ತುಂಬಾ ಹಿಡಿಸ್ತಂತೆ. ಒಂದೇ ಒಂದ್ ಕಂಡೀಷನ್ನು."

"ಏನಮ್ಮಾ?"

"ಕಾರು ಬಿಸ್ಲು ಮಳೇಲಿ ನಿಲ್ಲೋ ಹಾಗಿಲ್ವಂತೆ. ಮೇಲೆ ಶೀಟು, ಬಾಗಿಲು, ಬೀಗ ಎಲ್ಲಾ ಇರೋ ಜಾಗ ಬೇಕಂತೆ." ಆಕೆ ಸಿದ್ದರಾಜು ಒರಗಿದ್ದ ಬಾಗಿಲು ನೋಡಿದಳು. "ನಮ್ಮನೇಲಿ ಅಂಥದ್ದು ಇನ್ನೆಲ್ಲಿದೆ ಹೇಳು? ಒಂದನೇ ತಾರೀಕಿಗೆ ಬಿಟ್ಟುಕೊಡಪ್ಪಾ."

ಸಿದ್ದರಾಜುವಿನ ಬಾಯಲ್ಲಿ ಸಕ್ಕರೆ ಕರಗದೆ ನಿಂತಿತು.

"ಬೇಜಾರ್ ಮಾಡ್ಕೋಬೇಡಿ ಸಿದ್ದಣ್ಣ," ಎಂದು ಯುವರಾಜ ಹೆಗಲ ಮೇಲೆ ಕೈ ಹಾಕಿದ. "ನೀವು ಎಲ್ಲಿ ಗ್ಯಾರೇಜ್ ಹಾಕಿದ್ರೂ ನಾನು ಅಲ್ಲಿಗೇ ಬರ್ತೀನಿ. ಈಗ ಸ್ವಲ್ಪ ಆ ಬೆಂಚ್ ಈಚೆಗೆ ಎಳೀರಿ. ಕಾರ್ ಒಳಗೆ ಹಿಡಿಯುತ್ತಾ ನೋಡ್ಬಿಡೋಣ."

ಹಿಡಿಯಿತು. ಅಳತೆ ಕೊಟ್ಟು ಹೊಲಿಸಿದ ಹಾಗೆ ಒಳಗೆ ಹೋಗಿ ನಿಂತಿತು. ಬೆಂಚು, ಟೂಲ್ ಬಾಕ್ಸು, ಸಿದ್ದರಾಜು ಮೂರೂ ಹೊರಗೆ ನಿಂತಿದ್ದವು.