ಅಕ್ಕನ ಲಾರಿಯ ಮೈಬಿಸಿ

ದೊಡ್ಡಬಳ್ಳಾಪುರದಲ್ಲಿ ಲಾರಿ ಇಟ್ಟುಕೊಂಡಿರುವ ಹೆಂಗಸರು ಎಷ್ಟು ಜನ ಇದ್ದಾರೋ ನನಗೆ ಗೊತ್ತಿಲ್ಲ. ಆದರೆ ಲಾರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಆಟೋ ಹತ್ತುವವಳು ನಮ್ಮಕ್ಕ ಒಬ್ಬಳೇ! ಅವಳ ವಯಸ್ಸು ಕೇಳಬೇಡಿ. ಕೇಳಿದರೆ ನನಗಿಂತ ಚಿಕ್ಕವಳು ಎನ್ನುತ್ತಾಳೆ. ನನ್ನ ತೊಟ್ಟಿಲು ತೂಗಿದವಳೇ ಅವಳು! ಒಡಹುಟ್ಟಿದ ತಮ್ಮ ಚಳಿಜ್ವರ ಬಂದು ಕಂಬಳಿ ಹೊದ್ದು ನಡುಗುತ್ತಿದ್ದರೆ "ನಾಟ್ಕ ಆಡ್ಬೇಡ, ಎದ್ದು ಕಾಫಿ ಕುಡಿ" ಎನ್ನುವ ಈ ಮಹಾತಾಯಿ, ಲಾರಿಯ ತಲೆ ಸ್ವಲ್ಪ ಕಾದರೆ ಊಟ ಬಿಟ್ಟು ಕೂರುತ್ತಾಳೆ. ಲಾರಿಗೂ ಜ್ವರ ಬರುತ್ತದೆಯೇ? ಬರುತ್ತದೆ ಸ್ವಾಮಿ. ಬರುತ್ತದೆ ಎಂದು ಅರ್ಥ ಮಾಡಿಕೊಳ್ಳುವುದರಲ್ಲಿ ನನಗೇ ಜ್ವರ ಬಂದಿತ್ತು.

ಲಾರಿ ಎಂದರೆ ಮೊಳದುದ್ದದ ಗಾಡಿ. ದೂರದಲ್ಲಿ ನಿಂತು ರಿಮೋಟ್ ಹಿಡಿದು ಓಡಿಸುವುದು. ಆಟದ ಸಾಮಾನು ಎಂದಿರೋ, ಅಕ್ಕನ ಬಾಯಿಗೆ ಬಿದ್ದಿರಿ! ಅದರೊಳಗೆ ನಿಂಬೆಹಣ್ಣಿನ ಗಾತ್ರದ ನಿಜವಾದ ಎಂಜಿನ್ ಇದೆ. ನೈಟ್ರೋ ಎಂಬ ಇಂಧನ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ, ಬೀದಿಯ ಜೀರುಂಡೆಗಳೆಲ್ಲ ಸಂಘ ಕಟ್ಟಿಕೊಂಡು ಕಿರುಚಿದ ಹಾಗೆ ಕಿರುಚುತ್ತದೆ. ಕಷ್ಟವಿರುವುದು ಅದರ ಮೈಬಿಸಿಯಲ್ಲಿ. ಓಡುವಾಗ ಎಂಜಿನ್ ತಲೆ ನೂರು, ನೂರಾ ಹತ್ತು ಡಿಗ್ರಿಯ ಆಸುಪಾಸಿನಲ್ಲಿರಬೇಕು. ತಣ್ಣಗಾದರೆ ಕೆಮ್ಮಿ ಕೆಮ್ಮಿ ನಿಲ್ಲುತ್ತದೆ. ಜಾಸ್ತಿ ಕಾದರೆ ಒಳಗಿನ ಪಿಸ್ಟನ್ ಕಚ್ಚಿಕೊಂಡು ಕೆಲಸ ಮುಗಿಯಿತು. ಪಕ್ಕದಲ್ಲೊಂದು ಪುಟ್ಟ ಸ್ಕ್ರೂ ಇದೆ. ಬಿಚ್ಚಿದರೆ ಇಂಧನ ಹೆಚ್ಚು ಬಂದು ತಂಪಾಗುತ್ತದೆ, ಬಿಗಿದರೆ ಕಡಿಮೆ ಬಂದು ಕಾಯುತ್ತದೆ. ಕೂದಲೆಳೆಯಷ್ಟು ತಿರುಗಿಸಿದರೂ ಅದಕ್ಕೆ ಗೊತ್ತಾಗಿಬಿಡುತ್ತದೆ. ಹೊಸ ಸೊಸೆಯ ಮುಂದೆ ಅತ್ತೆ ಕೂಡ ಇಷ್ಟು ಸೂಕ್ಷ್ಮವಾಗಿರುವುದಿಲ್ಲ!

ಲಾರಿ ತಂದವನು ಭಾವ, ಅಕ್ಕನ ಗಂಡ. ಅವರದು ನೇಯ್ಗೆಯ ಮನೆ. ಹಜಾರದ ತುಂಬ ಪವರ್‌ಲೂಮು. ಬೆಳಗಿನಿಂದ ಕತ್ತಲಾಗುವವರೆಗೆ ಖಟಾ ಖಟ್ ಖಟಾ ಖಟ್. ಆ ಸದ್ದಿನಲ್ಲಿ ಮಾತು ಎಲ್ಲಿ ಕೇಳಬೇಕು? ಗಂಡ ಹೆಂಡತಿ ಸಂಸಾರ ಪೂರ್ತಿ ಕೈಸನ್ನೆಯಲ್ಲೇ ಮಾಡಿದರು. ಹೆಬ್ಬೆರಳು ಬಾಯಿಗೆ ತೋರಿಸಿದರೆ ಕಾಫಿ. ಅಂಗೈ ಕೆನ್ನೆಗಿಟ್ಟರೆ ಮಗ್ಗ ನಿಲ್ಲಿಸಿ ಮಲಗೋಣ. ಜಗಳವನ್ನೂ ಸನ್ನೆಯಲ್ಲೇ ಆಡುತ್ತಿದ್ದರು. ಜಗಳದ ನಡುವೆ ಒಮ್ಮೆ ನಾನು ಕರೆಂಟಿನ ಸ್ವಿಚ್ ಆರಿಸಿಬಿಟ್ಟೆ. ಹಠಾತ್ತನೆ ಬಿದ್ದ ನಿಶ್ಶಬ್ದದಲ್ಲಿ ಇಬ್ಬರೂ ಕೈ ಎತ್ತಿಕೊಂಡು, ಮುಂದೇನು ಮಾಡಬೇಕೋ ತಿಳಿಯದೆ ನಿಂತಿದ್ದರು ನೋಡಿ! ನನ್ನ ಜೀವಮಾನದ ಶ್ರೇಷ್ಠ ಕಿತಾಪತಿಗಳಲ್ಲಿ ಅದೂ ಒಂದು.

ಕೊನೆಗೆ ಭಾವನಿಗೆ ಸೊಂಟ ಹಿಡಿಯಿತು. ಕೆಲಸದವರೂ ಸಿಗಲಿಲ್ಲ. ಮಗ್ಗಗಳನ್ನು ಕೊಟ್ಟುಬಿಟ್ಟರು. ಕೈಗೆ ಎಣ್ಣೆ ಜಿಡ್ಡು ತಾಗದೆ ಆ ಮನುಷ್ಯ ಒದ್ದಾಡಿಹೋದ. ಯಾರೋ ಬೆಂಗಳೂರಿನವರು ಮಾರಿದ ಹಳೆಯ ಲಾರಿಯನ್ನು ತಂದು ಅದರ ಹೊಟ್ಟೆಯೊಳಗೆ ಕೈಹಾಕಿ ಕೂತ. ಪ್ರತಿ ಭಾನುವಾರ ಅದನ್ನು ಎತ್ತಿಕೊಂಡು ದೊಡ್ಡಬೆಳವಂಗಲದ ರಸ್ತೆಯ ಲೇಔಟಿಗೆ ಹೋಗುತ್ತಿದ್ದ. ಅದು ನಮ್ಮ ಕಡೆಯ ಲೇಔಟು. ಕಮಾನಿದೆ, ಟಾರು ರಸ್ತೆ ಇದೆ, ಬೀದಿದೀಪ ಇದೆ, ಮನೆ ಒಂದೂ ಇಲ್ಲ! ಲಾರಿ ಓಡಿಸಲು ಇನ್ನೇನು ಬೇಕು? ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಅಕ್ಕನಿಗೆ ಕೈಯಲ್ಲೇ ಸನ್ನೆ ಮಾಡುತ್ತಿದ್ದ, ಬಾ, ನೋಡು ಬಾ. ಅಕ್ಕ ಕೈಯಲ್ಲೇ ಹೋಗ್ರೀ ಎನ್ನುತ್ತಿದ್ದಳು. ಒಂದು ಟ್ಯಾಂಕು, ಅಂದರೆ ಸಣ್ಣ ಲೋಟದ ಕಾಫಿಯಷ್ಟು ಇಂಧನ, ನಡುವೆ ನಿಲ್ಲದೆ ಕೊನೆಯ ಹನಿಯವರೆಗೂ ಓಡಬೇಕು ಎಂಬುದು ಭಾವನ ಆಸೆ. ಒಂದು ಸಲವೂ ಆಗಲಿಲ್ಲ. ಒಮ್ಮೆ ಕಾದು ನಿಲ್ಲುತ್ತಿತ್ತು, ಒಮ್ಮೆ ತಣ್ಣಗಾಗಿ ನಿಲ್ಲುತ್ತಿತ್ತು. ಆಮೇಲೆ ಒಂದು ದಿನ ಭಾವನೇ ನಿಂತುಹೋದ.

ಲಾರಿಯನ್ನು ಅಕ್ಕ ಗುಜರಿಗೆ ಹಾಕುತ್ತಾಳೆ ಎಂದುಕೊಂಡಿದ್ದೆವು. ವೈಕುಂಠ ಸಮಾರಾಧನೆ ಮುಗಿದ ಭಾನುವಾರ ನನಗೆ ಫೋನು.

"ಲೇ, ಬಾ. ಲೇಔಟ್ಗೆ ಹೋಗ್ಬೇಕು."

"ಸೈಟ್ ತಗೋತೀಯೇನಕ್ಕಾ?"

"ಲಾರಿ ಓಡಿಸ್ಬೇಕು ಕಣೋ. ಅವರು ಕರೆದ್ರು ಕರೆದ್ರು, ಒಂದಿನಾನೂ ಹೋಗ್ಲಿಲ್ಲ. ಒಂದು ಟ್ಯಾಂಕು ಪೂರ್ತಿ ಓಡಿಸ್ಬಿಟ್ರೆ ಸಾಕು ನಂಗೆ."

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಮೊದಲು ಎಂಜಿನ್ ತೋರಿಸಲು ಬೆಂಗಳೂರಿನ ಅಂಗಡಿಯೊಂದಕ್ಕೆ ಹೋದೆವು. ಅಲ್ಲಿದ್ದ ಹುಡುಗ ಎಂಜಿನ್ ತಿರುಗಿಸಿ ನೋಡಿ ತಲೆ ಕೊಡವಿದ. "ಆಂಟಿ, ಇದು ತುಂಬಾ ಸವೆದಿದೆ. ಇನ್ನೊಂದ್ಸಲ ಓವರ್‌ಹೀಟ್ ಆದ್ರೆ ಕಥೆ ಮುಗೀತು. ಪಾರ್ಟ್ಸ್ ಕೂಡ ಬರ್ತಿಲ್ಲ. ಬ್ಯಾಟರಿದು ತಗೊಳಿ, ಬಿಸಿ ತಲೆನೋವೇ ಇಲ್ಲ."

"ಸದ್ದು ಮಾಡುತ್ತಾ ಅದು?"

"ಇಲ್ಲ ಆಂಟಿ! ಫುಲ್ ಸೈಲೆಂಟು."

"ಸೈಲೆಂಟು ನಮ್ಮನೇಲಿ ಬೇಕಾದಷ್ಟಿದೆ, ಬೇಡಪ್ಪಾ" ಅಂದು ಅಕ್ಕ ಲಾರಿ ಕಂಕುಳಿಗೆ ಏರಿಸಿ ಹೊರಟೇಬಿಟ್ಟಳು.

ಬಿಸಿ ಅಳೆಯುವುದು ಹೇಗೆ? ತಲೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ ಎಂದು ಅಂಗಡಿಯವನು ಹೇಳಿದ್ದ. ಅಕ್ಕನ ಮುಖ ಅರಳಿತು. ಲೇಔಟಿನಲ್ಲಿ ಸೆರಗು ಸಿಕ್ಕಿಸಿ, ಚೊಂಬಿನಲ್ಲಿ ಬೆರಳದ್ದಿ, ದೋಸೆ ಹಂಚಿಗೆ ಎರಚುವ ಹಾಗೇ ಎರಚಿದಳು. ಚುಂಯ್! "ಕಾದಿದೆ, ಉರಿ ತಗ್ಗಿಸು" ಅಂದಳು. ನಾನು ಸ್ಕ್ರೂ ಬಿಚ್ಚಿದೆ. ಮತ್ತೆ ಎರಚಿದಳು. ಹನಿ ಅಲ್ಲೇ ಕೂತು ನಮ್ಮನ್ನು ನೋಡಿತು. "ಆರ್ಹೋಯ್ತು, ಉರಿ ಹಾಕು!" ಬಿಗಿದೆ. ಬಿಚ್ಚಿದೆ. ಬಿಗಿದೆ. "ಅಕ್ಕಾ, ಈರುಳ್ಳಿ ಹೆಚ್ಕೊಂಡು ಬರ್ಲಾ?" ಎಂದದ್ದಕ್ಕೆ ಚೊಂಬಿನ ನೀರೆಲ್ಲ ನನ್ನ ತಲೆಗೆ. ನನ್ನ ತಲೆಯ ಮೇಲೂ ಚುಂಯ್ ಎಂದಿರಬೇಕು!

ಹೀಗೆ ಆಗದು ಎಂದು ನಾನೇ ಒಂದು ಗನ್ ಖರೀದಿಸಿದೆ. ಹೆದರಬೇಡಿ, ದೂರದಿಂದ ಕೆಂಪು ಚುಕ್ಕೆ ಬಿಟ್ಟು ಬಿಸಿ ಎಷ್ಟೆಂದು ತೋರಿಸುವ ಗನ್ನು. ಅಂದಿನಿಂದ ಶಾಖ ಇಲಾಖೆಗೆ ನಾನೇ ಮಂತ್ರಿ. ಅಕ್ಕ ಓಡಿಸುವುದು, ಸುತ್ತು ಹೊಡೆದು ಲಾರಿ ನನ್ನ ಕಾಲಬುಡಕ್ಕೆ ಬಂದಾಗ ನಾನು ಗುರಿಯಿಟ್ಟು ಕೂಗುವುದು. ಆ ಗನ್ನನ್ನು ಹೋಟೆಲಿನ ಇಡ್ಲಿಗೂ ಹಿಡಿದಿದ್ದೇನೆ, ನನ್ನ ಹೆಂಡತಿಯ ಹಣೆಗೂ ಹಿಡಿದಿದ್ದೇನೆ. ಇಡ್ಲಿ ತಣ್ಣಗಿತ್ತು. ಹೆಂಡತಿಯದ್ದು ಹೇಳುವುದಿಲ್ಲ, ನಾನಿನ್ನೂ ಬದುಕಬೇಕು.

ಚಳಿಗಾಲ ಬಂತು. ನಮ್ಮ ಕಡೆಯ ಮಂಜು ಗೊತ್ತಲ್ಲ, ಎದುರಿಗೆ ಬರುವ ಬಸ್ಸು ಹಾರ್ನ್ ಹೊಡೆದ ಮೇಲೆಯೇ ಬಸ್ಸು! ಎಂಜಿನ್ ಎಂಬತ್ತು ದಾಟಲೊಲ್ಲದು. ಅಕ್ಕ ತನ್ನ ಮಂಡಿನೋವಿನ ಬಿಸಿನೀರಿನ ಚೀಲವನ್ನು ಅದರ ತಲೆಗೆ ಒತ್ತಿ ಕೂತಳು. ಶಾಖ ನಿಲ್ಲಲು ತಲೆಗೆ ಬಟ್ಟೆ ಸುತ್ತುತ್ತಾರಂತೆ ಎಂದು ನಾನು ಹೇಳಿದೆ. "ರೇಷ್ಮೆ ತುಂಡು ತಾ, ರೇಷ್ಮೆ ಬೆಚ್ಚಗಿಡುತ್ತೆ" ಎಂದು ಅಪ್ಪಣೆಯಾಯಿತು. ನೇಯ್ಗೆಯವರ ಮನೆಯ ಎಂಜಿನ್ನಿಗೆ ಹತ್ತಿ ಆದೀತೇ! ಮುಂದಿನ ಭಾನುವಾರ ನಾನು ಹೊಳಪು ಹೊಳಪಾದ ಪಾಲಿಯೆಸ್ಟರ್ ತುಂಡು ತಂದು "ಅಪ್ಪಟ ರೇಷ್ಮೆ" ಎಂದು ಕೊಟ್ಟೆ. ಕನ್ನಡಕ ಮರೆತು ಬಂದಿದ್ದಳು, ಸುತ್ತಿದಳು. ಲಾರಿ ಎರಡು ಸುತ್ತು ಓಡುವುದರೊಳಗೆ ಬಟ್ಟೆಯ ತುದಿ ಹೊಗೆ ಪೈಪಿಗೆ ತಾಗಿತು. ದೂರದಲ್ಲೇ ಅಕ್ಕನ ಮೂಗು ಅರಳಿತು. ಅಪ್ಪಟ ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು, ಇದು ಪ್ಲಾಸ್ಟಿಕ್ ವಾಸನೆ!

"ಲೇ ಕಳ್‌ನನ್ಮಗ್ನೇ! ನೇಯೋರ ಮನೆ ಹೆಣ್ಣಿಗೆ ಪಾಲಿಯೆಸ್ಟರ್ ತೊಡಿಸ್ತೀಯೇನೋ?"

"ನಿಂಗಲ್ಲಕ್ಕಾ, ಲಾರಿಗೆ!"

ಮಧ್ಯಾಹ್ನವಿಡೀ ಪೈಪಿಗೆ ಕರಗಿ ಅಂಟಿದ್ದನ್ನು ನನ್ನ ಕೈಯಲ್ಲೇ ಕೆರೆಸಿದಳು. ಮುಂದಿನ ವಾರ ನೋಡಿದರೆ ತನ್ನ ಮದುವೆ ಸೀರೆಯ ಸೆರಗಿನಂಚನ್ನೇ ಕತ್ತರಿಸಿ ತಂದಿದ್ದಾಳೆ. ನಾನೇ ಅಂಚಿನ ಗಂಟು ಬಿಗಿದುಕೊಟ್ಟೆ.

ಬೇಸಿಗೆಯಲ್ಲಿ ಉಲ್ಟಾ ಕಷ್ಟ. ಟಾರು ರಸ್ತೆಯೇ ಹಂಚಾಗಿ, ಎಂಜಿನ್ ನೂರಾ ಮೂವತ್ತಕ್ಕೆ ಹಾರಲು ಕಾಯುತ್ತಿತ್ತು. ಅಂಥ ಒಂದು ದಿನ ಕಾರಿನಲ್ಲಿ ಗಂಡ ಹೆಂಡತಿ ಸೈಟು ನೋಡಲು ಬಂದರು. ನೀಲಿ ಹೊಗೆ ಬಿಡುತ್ತ ಲಾರಿ ಅವರ ಮುಂದೆಯೇ ಹಾದುಹೋಯಿತು. "ಏನ್ ಸಾರ್ ಅದು?" ಎಂದರು. "ಸೊಳ್ಳೆ ಹೊಗೆ ಸಾರ್. ಲೇಔಟಿನೋರು ಫ್ರೀಯಾಗಿ ಹೊಡೆಸ್ತಾರೆ. ಆಯಮ್ಮ ಸೀನಿಯರ್ ಆಪರೇಟ್ರು." ಆಕೆ ಗಂಡನ ಕಡೆ ತಿರುಗಿ "ನೋಡ್ರೀ, ಮನೇನೇ ಇಲ್ಲ, ಆಗ್ಲೇ ಎಷ್ಟು ಮೇಂಟೇನ್ ಮಾಡ್ತಾವ್ರೆ!" ಎಂದಳು. ನಾನು ಮೀಸೆ ತಿರುವುತ್ತಿದ್ದೆ. ಅಷ್ಟರಲ್ಲಿ ಅಕ್ಕ ಕೂಗಿದಳು, "ಹೊಗೆ ತೆಳ್ಳಗಾಯ್ತು ಕಣೋ! ಬಿಸಿ ನೋಡೋ, ಎಲ್ಲಿ ಸತ್ತೆ?" ಹೊಗೆ ತೆಳುವಾದರೆ ಇಂಧನ ಸಾಲದೆ ಕಾಯುತ್ತಿದೆ ಎಂದರ್ಥ. ಓಡಿ ಗನ್ ಹಿಡಿದರೆ ನೂರಾ ಇಪ್ಪತ್ತೆಂಟು! ಅಕ್ಕ ತಾನೇ ಎಂಜಿನ್ ನಿಲ್ಲಿಸಿದಳು. ಟ್ಯಾಂಕಿನಲ್ಲಿ ಮುಕ್ಕಾಲು ಇಂಧನ ಉಳಿದಿತ್ತು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಟಾರಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಅದಕ್ಕೆ ಸೆರಗಿನಿಂದ ಗಾಳಿ ಹಾಕುತ್ತ, "ಇದು ಹೋದ್ರೆ ಇನ್ನೊಂದಿಲ್ಲ ಕಣೋ" ಎಂದಳು. ನಿಜ ಹೇಳುತ್ತೇನೆ, ಬೈಗುಳವೇ ವಾಸಿಯಿತ್ತು.

ಮೊನ್ನೆ ಮಳೆ ಬಂದು ಬಿಟ್ಟ ಭಾನುವಾರ. ಬಿಸಿಲೂ ಅಲ್ಲ, ಚಳಿಯೂ ಅಲ್ಲ. ಅಕ್ಕ ಟ್ಯಾಂಕು ತುಂಬಿದಳು, ನಾನು ದಾರ ಎಳೆದು ಎಂಜಿನ್ ಎಬ್ಬಿಸಿದೆ. ಮೊದಲ ಸುತ್ತಿಗೆ ತೊಂಬತ್ತೈದು. ಆಮೇಲೆ ನೂರಾ ಎಂಟು. ಆಮೇಲೆ ನೂರಾ ಹತ್ತು. "ನೂರಾ ಹತ್ತು ಅಕ್ಕಾ!" ಮುಂದಿನ ಸುತ್ತಿಗೂ ಅಷ್ಟೇ, ಅದರ ಮುಂದಿನದಕ್ಕೂ ಅಷ್ಟೇ. ಹೊಗೆ ಖಾಲಿ ಸೈಟುಗಳ ಕಲ್ಲುಗಳ ನಡುವೆ ನೂಲು ಎಳೆದ ಹಾಗೆ ಉದ್ದಕ್ಕೂ ನಿಂತಿತ್ತು. ನಾನು ಉಸಿರು ಬಿಡಲೂ ಹೆದರುತ್ತಿದ್ದೆ, ನನ್ನ ಉಸಿರಿಗೆ ಎಲ್ಲಿ ಕಾದುಬಿಡುತ್ತದೋ ಎಂದು! ಕೊನೆಯ ಸುತ್ತಿನಲ್ಲಿ ಎಂಜಿನ್ ಇನ್ನಷ್ಟು ಜೋರಾಗಿ ಕೂಗಿ, ಟ್ಯಾಂಕಿನ ಕೊನೆಯ ಹನಿ ಮುಗಿಸಿ, ಅಕ್ಕನ ಕಾಲ ಹತ್ತಿರ ಬಂದು ತಾನಾಗಿಯೇ ನಿಂತಿತು.

ನಾನು ಕುಣಿಯಲು ಕೈ ಎತ್ತಿದವನು ಅಕ್ಕನನ್ನು ನೋಡಿ ಇಳಿಸಿದೆ. ಅಷ್ಟು ದೊಡ್ಡ ಲೇಔಟಿನಲ್ಲಿ ಸದ್ದೇ ಇರಲಿಲ್ಲ. ಅವಳು ರಿಮೋಟ್ ಕೆಳಗಿಟ್ಟು ಲಾರಿಯ ಪಕ್ಕ ಕೂತು ಎಂಜಿನ್ನಿಗೆ ಎರಡೂ ಅಂಗೈ ಒಡ್ಡಿದಳು. ಮೊದಲು ದೂರದಿಂದ, ಒಲೆಗೆ ಕೈ ಕಾಸುವ ಹಾಗೆ.

"ಎಷ್ಟಿದೆ ನೋಡೋ."

"ನೂರಾ ಹತ್ತು."

ಸ್ವಲ್ಪ ಹೊತ್ತಿಗೆ ಕೈಗಳು ಹತ್ತಿರ ಹೋದವು. "ಈಗ?" ಗನ್ನಿನಲ್ಲಿ ಎಪ್ಪತ್ತು ಕಂಡಿತು. "ನೂರಾ ಹತ್ತು ಅಕ್ಕಾ" ಅಂದೆ. ಅವಳು ನನ್ನನ್ನು ನೋಡಲಿಲ್ಲ. ಇನ್ನೂ ಸ್ವಲ್ಪ ಹೊತ್ತಿಗೆ ಎರಡೂ ಅಂಗೈ ಎಂಜಿನ್ನಿನ ಮೇಲೆಯೇ ಕೂತವು. ಅದು ಎಷ್ಟು ಆರಿದೆಯೆಂದು ನನ್ನ ಗನ್ನಿಗಿಂತ ಆ ಕೈಗಳಿಗೇ ಚೆನ್ನಾಗಿ ಗೊತ್ತಿತ್ತು. ಆದರೂ ಕೇಳಿದಳು.

"ಇನ್ನೊಂದ್ಸಲ ನೋಡೋ."

ನೋಡಿದೆ.

"ಅಷ್ಟೇ ಇದೆ ಅಕ್ಕಾ. ಇಳಿದೇ ಇಲ್ಲ."